ಎದುರಂಗಡಿಯ ಚಹಾ

ಅವನ ಮೇಲಿನ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ. ಗಂಗಾವತಿಯಲ್ಲಿ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಎದುರಿಗೇ ಅವನದೂ ಅಂಥದೇ ಅಂಗಡಿ. ವಾರಂಟಿ ಮುಗಿದ ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ ಮೂಡಿದರೆ ನಾನು ಇದ್ದದ್ದನ್ನೇ ಹೇಳುತ್ತಿದ್ದೆ: "ಗ್ರಾಫಿಕ್ಸ್ ಕಾರ್ಡ್ ಹೋಗೇತ್ರಿ, ಹೊಸಾದು ತಗೋರಿ." ಗಿರಾಕಿ ಎದ್ದು ರಸ್ತೆ ದಾಟುತ್ತಿದ್ದ.

ಅವನು ಲ್ಯಾಪ್‌ಟಾಪಿನ ಬೆನ್ನಿಗೆ ಅಂಗೈಯಿಟ್ಟು, ಜ್ವರ ನೋಡುವವನಂತೆ ಕಣ್ಣು ಮುಚ್ಚುತ್ತಿದ್ದ. "ಕುಂದರ್ರಿ, ನೋಡೂಣಂತ" ಎಂದು ಚಹಾ ತರಿಸುತ್ತಿದ್ದ. ಒಳಗಿನ ಗ್ರಾಫಿಕ್ಸ್ ಚಿಪ್‌ಗೆ ಬಿಸಿಗಾಳಿ ಹಿಡಿದು ಗೆರೆ ಹೋಗಲಾಡಿಸಿ, "ಎರಡು ತಿಂಗಳು ನಡದೀತ್ರಿ, ಅಷ್ಟರಾಗ ಇದರಾಗಿನ ಫೋಟೊ ಬ್ಯಾರೆ ಕಡೆ ತಗದಿಟ್ಕೋರಿ" ಎನ್ನುತ್ತಿದ್ದ. ಎರಡು ತಿಂಗಳಿಗೆ ಅದು ಮತ್ತೆ ಕೆಡುತ್ತಿತ್ತು. ಜಗಳಕ್ಕೆ ಹೋಗಬೇಕಾದವರು ಅಲ್ಲೇ ಕೂತು ಮತ್ತೆ ಚಹಾ ಕುಡಿಯುತ್ತಿದ್ದರು.

ಒಮ್ಮೆ ನಮ್ಮ ಮನೆಯ ಲ್ಯಾಪ್‌ಟಾಪಿಗೂ ಗೆರೆ ಬಿತ್ತು. "ಇದು ಹೋತು" ಎಂದೆ. "ಅದರಾಗ ನಮ್ಮವ್ವನ ಫೋಟೊ ಅದಾವರಿ" ಎಂದಳು ಹೆಂಡತಿ. ನಾನು ಲ್ಯಾಪ್‌ಟಾಪ್ ಮಡಚಿಟ್ಟುಬಿಟ್ಟೆ.

ಮರುದಿನ ಅಂಗಡಿಯಿಂದ ನೋಡುತ್ತೇನೆ, ಎದುರಿನ ಬೆಂಚಿನ ಮೇಲೆ ಅವಳೇ ಕೂತಿದ್ದಾಳೆ, ಕೈಯಲ್ಲಿ ಚಹಾ.

ಸಂಜೆ ಯಾಕೆ ಹೋಗಿದ್ದಿ ಎಂದು ಕೇಳಿದೆ.

"ನೀವು ಹೋತು ಅಂದ್ರಿ. ಅವರು ಕುಂದರ್ರಿ ಅಂದ್ರು."