ಸ್ಟೇರಿಂಗ್ ಬಲಕ್ಕೆ ಬಂದದ್ದು

ನಮ್ಮ ಮನೆಯ ಲಾರಿಗೆ ಸ್ಟೇರಿಂಗ್ ಎಡಬದಿಯಲ್ಲಿತ್ತು. ಅಮೆರಿಕದವರು ಯುದ್ಧಕ್ಕಂತ ಮಾಡಿದ ಗಾಡಿ ಅದು. ಯುದ್ಧ ಮುಗಿದ ಮೇಲೆ ಹರಾಜಾಗಿ, ಯಾರ್ಯಾರದೋ ಕೈ ದಾಟಿ ನನ್ನ ಮಾವನ ಕೈಗೆ ಬಂತು. ಮಾವ ಅದರಲ್ಲಿ ಮರದ ದಿಮ್ಮಿ ಹೇರಿದರು. ಅವರ ಮಗ, ಅಂದರೆ ನನ್ನ ಗಂಡ, ರಬ್ಬರ್ ಶೀಟು, ತೆಂಗಿನಕಾಯಿ, ಹಟ್ಟಿಗೊಬ್ಬರ ಹೇರಿದರು. ಎಂಜಿನ್ ಬದಲಾಯಿತು, ಹಿಂದಿನ ಬಾಡಿ ಬದಲಾಯಿತು, ಆದರೆ ಆ ಉರುಟು ಮೂತಿ, ಎರಡು ಬದಿಯ ದಪ್ಪ ಮಡ್ಗಾರ್ಡ್ ಹಾಗೇ ಉಳಿದವು. ಐವರ್ನಾಡಿನಿಂದ ಸುಳ್ಯಕ್ಕೆ ಹೋಗುವಾಗ ಬೈಕಿನವರು ಅಡ್ಡ ನಿಲ್ಲಿಸಿ ಫೋಟೋ ತೆಗೆಯುದುಂಟು. ಫೋಟೋ ತೆಗೆಯುವವರಿಗೆ ಚಂದ. ಒಳಗೆ ಕೂತವರಿಗೆ ಗೊತ್ತು ಅದರ ಅವಸ್ಥೆ.

ಅವಸ್ಥೆ ಎಂತದೆಂದರೆ, ನಮ್ಮ ದೇಶದಲ್ಲಿ ಗಾಡಿ ಹೋಗುದು ರಸ್ತೆಯ ಎಡಕ್ಕೆ. ಈ ಗಾಡಿಯಲ್ಲಿ ಡ್ರೈವರ್ ಕೂರುದೂ ಎಡಕ್ಕೆ. ಎದುರಿಗೊಂದು ಟ್ಯಾಂಕರ್ ಸಿಕ್ಕಿದರೆ ಮುಗಿಯಿತು, ಟ್ಯಾಂಕರಿನ ಬೆನ್ನು ಬಿಟ್ಟು ಅವನಿಗೆ ಬೇರೆಂತದೂ ಕಾಣುದಿಲ್ಲ. ಆಚೆಯಿಂದ ಬಸ್ಸು ಬರ್ತದಾ, ಆನೆ ಬರ್ತದಾ ಅಂತ ನೋಡಿ ಹೇಳಲು ಬಲಬದಿಯಲ್ಲಿ ಒಬ್ಬರು ಬೇಕೇ ಬೇಕು. ಮಾವನ ಕಾಲದಲ್ಲಿ ಅದಕ್ಕೊಬ್ಬ ಕ್ಲೀನರ್ ಇದ್ದ. ನಾನು ಮದುವೆಯಾಗಿ ಬಂದ ಮೇಲೆ ಆ ಕೆಲಸ ನನಗೆ ಅಂಟಿಕೊಂಡಿತು. ನಾನು "ಹೋಗುವ" ಅಂದರೆ ಇವರು ಗಾಡಿ ಬಲಕ್ಕೆ ತೆಗೆದು ಮುಂದೆ ಹಾಕುದು, "ನಿಲ್ಲಿ" ಅಂದರೆ ಹಿಂದೆಯೇ ಉಳಿಯುದು. ಜಗಳ ಮಾಡಿ ಮನೆಯಲ್ಲಿ ಮಾತು ಬಿಟ್ಟ ದಿನಗಳಲ್ಲೂ ಗಾಡಿ ಹತ್ತಿದ ಮೇಲೆ ಈ ಎರಡು ಮಾತು ಆಡಲೇಬೇಕು. ಮುಖ ಊದಿಸಿಕೊಂಡೇ "ಹೋಗುವ" ಅಂದದ್ದು ಎಷ್ಟು ಸಲವೋ.

ನನ್ನ ಗಂಡನ ಸ್ವಭಾವ ಹೇಳಬೇಕು. ಕೆಟ್ಟ ಮನುಷ್ಯ ಅಲ್ಲ, ಆದರೆ ನನ್ನ ಬಾಯಿಂದ ಬಂದದ್ದನ್ನು ಒಮ್ಮೆ ಪರೀಕ್ಷೆ ಮಾಡದೆ ಬಿಡುವವರಲ್ಲ. ಸಕ್ಕರೆ ಮುಗಿದಿದೆ ಅಂದರೆ ಡಬ್ಬಿ ಅಲ್ಲಾಡಿಸಿ ನೋಡ್ತಾರೆ. ಗ್ಯಾಸ್ ಆಫ್ ಮಾಡಿದೆ ಅಂದರೆ ಎದ್ದು ಹೋಗಿ ಮುಟ್ಟಿ ಬರ್ತಾರೆ. ನನಗೆ ಮೈಯೆಲ್ಲ ಉರಿಯುದು. ಅಂಥ ಜನ, ಲೋಡು ತುಂಬಿದ ಲಾರಿಯನ್ನು ನನ್ನ ಒಂದು ಮಾತಿಗೆ, ತನಗೆ ಕಾಣದ ರಸ್ತೆಗೆ ನುಗ್ಗಿಸುತ್ತಿದ್ದರು. ಆ ಬಲಬದಿಯ ಸೀಟಿನಲ್ಲಿ ನನ್ನ ಮಾತಿಗೆ ಇದ್ದ ಬೆಲೆ ಮನೆಯ ಯಾವ ಕೋಣೆಯಲ್ಲೂ ಇರಲಿಲ್ಲ. ಇದು ನನಗೆ ಗೊತ್ತಿತ್ತು. ಇವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಹೋಗಲಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಗಳಿಗೆ ಎರಡನೇ ಹೆರಿಗೆಯಾಯಿತು. ದೊಡ್ಡ ಮಗುವಿಗೆ ಶಾಲೆ ತಪ್ಪಿಸುದು ಬೇಡಂತ ನಾನೇ ರಾಮಕುಂಜದ ಅವಳ ಮನೆಗೆ ಹೋಗಿ ಬಾಣಂತನಕ್ಕೆ ಕೂತೆ. ಒಂದು ದಿನ ಇವರು ತೆಂಗಿನಕಾಯಿ ಹೇರಿಕೊಂಡು ಒಬ್ಬರೇ ಪುತ್ತೂರಿಗೆ ಹೊರಟರಂತೆ. ಟ್ಯಾಂಕರಿನ ಹಿಂದೆ ಕಾದು ಕಾದು ಸಾಕಾಗಿ ಅಂದಾಜಿನಲ್ಲಿ ಬಲಕ್ಕೆ ತೆಗೆದಿದ್ದಾರೆ. ಎದುರಿಗೆ ಬಸ್ಸು! ದೇವರು ದೊಡ್ಡವನು, ಬಸ್ಸಿನವನು ಬದಿಗೆ ಇಳಿಸಿದ, ಇವರ ಕನ್ನಡಿ ಒಂದು ಹೋಯಿತು, ಅಷ್ಟೇ. ಫೋನಿನಲ್ಲಿ ಇವರ ಸ್ವರ ಕೇಳಿ ನನ್ನ ಕೈಯಲ್ಲಿದ್ದ ಮಗುವಿನ ಬಟ್ಟೆ ಕೆಳಗೆ ಬಿತ್ತು. "ಎಂತ ಆಗ್ಲಿಲ್ಲ ಮಾರಾಯ್ತಿ" ಅಂತ ಅದನ್ನೇ ಮತ್ತೆ ಮತ್ತೆ ಹೇಳಿದರು.

ನಾನು ಐವರ್ನಾಡಿಗೆ ಬಂದಾಗ ಅಂಗಳದಲ್ಲಿ ಲಾರಿ ಇರಲಿಲ್ಲ.

"ಕೆದಂಬಾಡಿಯ ಗ್ಯಾರೇಜಿಗೆ ಬಿಟ್ಟಿದ್ದೇನೆ. ಸ್ಟೇರಿಂಗ್ ಬಲಕ್ಕೆ ಮಾಡಿಸುದು," ಅಂದರು. "ಇನ್ನು ನನಗೇ ಎಲ್ಲ ಕಾಣ್ತದೆ. ನೀನು ಬರಬೇಕೂಂತ ಇಲ್ಲ. ಆರಾಮ ಮನೆಯಲ್ಲಿ ಕೂತ್ಕೊ."

ನನಗೆ ವಿಶ್ರಾಂತಿ ಕೊಟ್ಟೆ ಅಂತ ಅವರ ಲೆಕ್ಕ. ಮುಖದಲ್ಲಿ ಆ ಖುಷಿಯೂ ಇತ್ತು. ನನಗೆ ಅದು ಹಿಡಿಸಲಿಲ್ಲ. ಅಪಾಯ ತಪ್ಪಿಸಲು ಮಾಡುದು, ಬೇಡ ಅನ್ನಲು ಬಾಯಿ ಹೇಗೆ ಬರಬೇಕು? ಬಾಣಂತಿಯ ಮನೆಯಿಂದ ತಂದ ಚೀಲವನ್ನು ಬಿಚ್ಚದೆ ಸುಮಾರು ಹೊತ್ತು ಅಡುಗೆಮನೆಯಲ್ಲಿ ಕೂತೆ. ಬೇಜಾರಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಅಂತ ಮಾತ್ರ ಗೊತ್ತಾಗಲಿಲ್ಲ.

ಆದರೂ ಇವರು ಗ್ಯಾರೇಜಿಗೆ ಹೊರಟಾಗೆಲ್ಲ ನಾನೂ ಹೊರಟೆ. ಗ್ಯಾರೇಜಿನವರು ಬ್ಯಾರಿಗಳು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ಗಲ್ಫಿನಲ್ಲಿ ತುಂಬ ವರ್ಷ ಗಾಡಿ ಕೆಲಸ ಮಾಡಿ ಬಂದವರು. ಬಾಯಿ ಜೋರು, ನಗು ಅದಕ್ಕಿಂತ ಜೋರು. "ಅಕ್ಕ, ಅಲ್ಲಿ ಬಲದ ಸ್ಟೇರಿಂಗನ್ನು ಎಡಕ್ಕೆ ಮಾಡ್ತಿದ್ದೆ, ಇಲ್ಲಿ ಎಡದ್ದನ್ನು ಬಲಕ್ಕೆ ಮಾಡ್ತೇನೆ. ಮೇಲಿನವನು ನನ್ನನ್ನು ಇದಕ್ಕೇ ಹುಟ್ಟಿಸಿದ್ದು ಕಾಣ್ತದೆ," ಅಂದರು. ನೋಡಿದರೆ ಸ್ಟೇರಿಂಗ್ ಚಕ್ರ ಒಂದನ್ನು ಆಚೆ ಇಟ್ಟರೆ ಆಗುವ ಕೆಲಸವೇ ಅಲ್ಲ. ಕ್ಲಚ್ಚು, ಬ್ರೇಕು, ಎಕ್ಸಲೇಟರು ಎಲ್ಲ ಬಲಕ್ಕೆ ಬರಬೇಕು. ಎಂಜಿನಿಗೂ ಕಾಲಿಗೂ ನಡುವಿನ ತಗಡಿಗೆ ಹೊಸ ತೂತು ಕೊರೆದು ಹಳೇ ತೂತಿಗೆ ತೇಪೆ ಹಾಕಬೇಕು. ನನ್ನ ಕಾಲು ಇರುತ್ತಿದ್ದ ಜಾಗದಲ್ಲಿ ಪೆಡಲುಗಳು ಬಂದದ್ದನ್ನು ನೋಡಿದೆ. ನಾನು ಹಿಡಿದುಕೊಳ್ಳುತ್ತಿದ್ದ ಹಿಡಿಯನ್ನು ಕತ್ತರಿಸಿ ತೆಗೆದದ್ದನ್ನೂ ನೋಡಿದೆ.

ಜೋಡಣೆ ಮುಗಿದ ದಿನ ಗ್ಯಾರೇಜಿನವರು "ಮೊದಲು ನಾನು ನೋಡ್ತೇನೆ ಗೌಡ್ರೆ" ಅಂದರೂ ಇವರಿಗೆ ಪುರುಸೊತ್ತಿಲ್ಲ. ಹತ್ತಿ ಕೂತು ಸ್ಟಾರ್ಟ್ ಮಾಡಿಯೇ ಬಿಟ್ಟರು. ಗಾಡಿ ನಿಧಾನಕ್ಕೆ ಹೊರಟಿತು. ಇವರು ಸ್ಟೇರಿಂಗ್ ಬಲಕ್ಕೆ ತಿರುಗಿಸುತ್ತಾರೆ, ಚಕ್ರಗಳು ಎಡಕ್ಕೆ ಹೋಗ್ತವೆ! ಹಳೇ ಸ್ಟೇರಿಂಗ್ ಬಾಕ್ಸನ್ನೇ ಮಗುಚಿ ಕೂರಿಸಿದ್ದರಿಂದ ಎಲ್ಲ ಉಲ್ಟಾ ಆಗಿತ್ತು. ಎದುರಿಗೆ ಕೆಂಪುಕಲ್ಲಿನ ರಾಶಿ. ನಾನು ಹೊರಗಿಂದ "ನಿಲ್ಲಿ! ನಿಲ್ಲಿ!" ಅಂತ ಕಿರುಚಿದೆ. ಇವರು ಕಿಟಕಿಯಿಂದ ಕೈ ಬೀಸಿ, "ನನಗೆ ಕಾಣ್ತದೆ!" ಅಂದರು. ಮೂತಿ ಹೋಗಿ ಕಲ್ಲಿಗೆ ಗುದ್ದಿತು.

ಗ್ಯಾರೇಜಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ "ತಪ್ಪು ನನ್ನದೇ, ಬಲಬದಿಯ ಬೇರೆ ಬಾಕ್ಸು ಹುಡುಕಿ ಹಾಕ್ತೇನೆ" ಅಂದರು. ಇವರೂ ಪೆಚ್ಚಾಗಿ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷದಲ್ಲಿ ನಾನು "ನಿಲ್ಲಿ" ಅಂದಾಗ ಇವರು ನಿಲ್ಲದೆ ಇದ್ದದ್ದು ಅದೇ ಮೊದಲು. ಸಕ್ಕರೆ ಡಬ್ಬಿಯ ಸಾಲಿಗೆ ನನ್ನ ಆ ಮಾತೂ ಸೇರಿತು.

ಒಂದು ವಿಷಯ ಹೇಳಲಿಲ್ಲ. ನನಗೆ ಡ್ರೈವಿಂಗ್ ಬರ್ತದೆ. ಮಗಳ ಒತ್ತಾಯಕ್ಕೆ ಸುಳ್ಯದಲ್ಲಿ ಕಲಿತು ಲೈಸೆನ್ಸ್ ಮಾಡಿಸಿದ್ದೆ, ಮಗಳ ಕಾರನ್ನು ಕಡಬದವರೆಗೆ ಎಷ್ಟೋ ಸಲ ಓಡಿಸಿದ್ದೇನೆ. ಇವರ ಗಾಡಿ ಕೇಳಿದರೆ ಮಾತ್ರ ಒಂದೇ ಉತ್ತರ: "ಎಡದ ಸ್ಟೇರಿಂಗ್, ನಿನಗೆ ಆಗ್ಲಿಕ್ಕಿಲ್ಲ." ನಾನು ಒಪ್ಪಿ ಸುಮ್ಮನಿದ್ದೆ.

ಬೇರೆ ಬಾಕ್ಸು ಸಿಕ್ಕಿ, ಎಲ್ಲ ಸರಿಯಾಗಿ, ಕಾಗದಪತ್ರದ ಕೆಲಸವೂ ಮುಗಿದ ಮೇಲೆ ಗಾಡಿ ತರಲು ಹೋದೆವು. ಇವರು ಗ್ಯಾರೇಜಿನವರ ಹತ್ತಿರ ಮಾತಾಡುತ್ತಾ ನಿಂತಿದ್ದರು. ನಾನು ಯಾವಾಗಿನ ಹಾಗೆ ಬಲಬದಿಯ ಬಾಗಿಲು ತೆಗೆದು ಹತ್ತಿ ಕೂತೆ. ಕೂತ ಮೇಲೆ ನೋಡಿದರೆ ಸ್ಟೇರಿಂಗ್ ನನ್ನ ಎದೆಯ ಎದುರಿಗೇ ಉಂಟು. ಸತ್ಯವಾಗಿ ಹೇಳ್ತೇನೆ, ಯೋಚನೆ ಮಾಡಿ ಕೂತದ್ದಲ್ಲ. ಆದರೆ ಕೂತ ಮೇಲೆ ಏಳಬೇಕು ಅಂತ ಅನಿಸಲಿಲ್ಲ.

ಇವರು ಬಂದು ಬಾಗಿಲು ತೆಗೆದರು. "ಆಚೆ ಸರಿ."

"ನನ್ನ ಸೀಟು ಇದು. ನೀವು ನಿಮ್ಮ ಸೀಟಿಗೆ ಹೋಗಿ."

"ತಮಾಷೆ ಸಾಕು ಮಾರಾಯ್ತಿ."

"ತಮಾಷೆ ಅಲ್ಲ. ಈಗ ಎಡದ ಸ್ಟೇರಿಂಗ್ ಇಲ್ಲವಲ್ಲ. ಕೀ ಕೊಡಿ."

ಪಕ್ಕದಲ್ಲಿದ್ದ ಗ್ಯಾರೇಜಿನವರು ಸದ್ದಿಲ್ಲದೆ ಒಳಗೆ ಹೋದರು. ಇವರು ಬಾಗಿಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಕಂಡಿರಬೇಕು. ಕೀ ಕೊಟ್ಟು, ಗಾಡಿಯ ಮೂತಿಗೆ ಸುತ್ತು ಹಾಕಿ ಹೋಗಿ ಎಡಬದಿಯಲ್ಲಿ ಹತ್ತಿದರು.

ಭಾರದ ಗಾಡಿ. ಮೊದಲು ಕೈ ನೋಯಿತು, ಗೇರು ಕಿರ್ರೆಂದಿತು. ಇವರು ಇಲ್ಲದ ಬ್ರೇಕನ್ನು ತುಳಿಯುತ್ತಾ ಬಂದರು. ದೊಡ್ಡ ರಸ್ತೆಗೆ ಬಂದು ಸುಳ್ಯದ ಕಡೆಗೆ ಸ್ವಲ್ಪ ದೂರ ಹೋಗುವಾಗ ಎದುರಿಗೊಂದು ಟ್ಯಾಂಕರ್. ನಾನು ಹಿಂದೆಯೇ ನಿಧಾನಕ್ಕೆ ಹೋದೆ. ಇವರು ಸೀಟಿನ ತುದಿಗೆ ಬಂದರು, ಕತ್ತು ಉದ್ದ ಮಾಡಿದರು, ಎಡಕ್ಕೆ ಬಗ್ಗಿದರು, ಬಲಕ್ಕೆ ವಾಲಿದರು.

"ಇಲ್ಲಿಂದ ಎಂತದೂ ಕಾಣುದೇ ಇಲ್ಲ ಮಾರಾಯ್ತಿ," ಅಂದರು ಕೊನೆಗೆ. "ನಾನು ಇಷ್ಟು ವರ್ಷ ಹೇಗೆ ಓಡಿಸಿದೆ?"

ಎದುರಿನ ರಸ್ತೆ ಖಾಲಿ ಇತ್ತು. ಇಂಡಿಕೇಟರ್ ಹಾಕಿ ಗಾಡಿಯನ್ನು ಬಲಕ್ಕೆ ತೆಗೆದೆ.

"ನನ್ನನ್ನು ನಂಬಿ ಓಡಿಸಿದಿರಿ," ಅಂದೆ.