ಗುಂಡಣ್ಣನ ಸಕ್ಕರೆ ನೋಡಿಸಲು ಶಿವಮೊಗ್ಗಕ್ಕೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇರುವುದು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಮದುವೆ, ಸೀರೆ ಖರೀದಿ, ಕಣ್ಣಿನ ಡಾಕ್ಟರು ಎಂದು ವರ್ಷಕ್ಕೆ ಹತ್ತಾರು ಸಲ ಹೋಗಿಬರುವ ದಾರಿ. ಇದನ್ನು ಪ್ರವಾಸ ಎಂದು ಬರೆದರೆ ನಾನು ಪಾಠ ಹೇಳುವ ಶಾಲೆಯ ಟೀಚರುಗಳು ನಕ್ಕಾರು. ಆದರೆ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗ ಬಿಗಿದು, ಒಳಗೊಂದು ಬೆಕ್ಕನ್ನು ಕೂರಿಸಿ, ಆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಹಣೆ ತುಂಬ ವಿಭೂತಿ ಧರಿಸಿದ ಅತ್ತೆಯನ್ನು ಕೂರಿಸಿಕೊಂಡು ಹೋಗಿಬಂದವರಿಗೆ ಮಾತ್ರ ಆ ದಾರಿ ಎಷ್ಟು ಉದ್ದ ಎನ್ನುವುದು ಗೊತ್ತು.

ಬೆಕ್ಕಿನ ಹೆಸರು ಗುಂಡಣ್ಣ. ಕೇಸರಿ ಬಣ್ಣದ ಗಂಡು ಬೆಕ್ಕು. ಒಂದು ಕಾಲದಲ್ಲಿ ಹೆಸರಿಗೆ ತಕ್ಕ ಹಾಗೆಯೇ ಇದ್ದ. ಹೋದ ಚಳಿಗಾಲದಲ್ಲಿ ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯತೊಡಗಿದ. ತಿಂದಷ್ಟೂ ಸೊರಗಿದ. ಆಮೇಲೆ ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ನಡೆಯತೊಡಗಿದ. ಶಿವಮೊಗ್ಗದ ಡಾಕ್ಟರು ರಕ್ತ ನೋಡಿ, "ಸಕ್ಕರೆ ಕಾಯಿಲೆ. ದಿನಕ್ಕೆರಡು ಹೊತ್ತು ಇನ್ಸುಲಿನ್ ಕೊಡಬೇಕು" ಎಂದರು. ತೀರಿಕೊಂಡ ನಮ್ಮ ಮಾವನವರಿಗೂ ಅದೇ ಕಾಯಿಲೆ ಇತ್ತು. ಅವರ ಸಕ್ಕರೆ ನೋಡುವ ಮೀಟರು ಇನ್ನೂ ಬೀರುವಿನಲ್ಲೇ ಇತ್ತು. ಹೊಸ ಸೆಲ್ ಹಾಕಿ, ಹೊಸ ಸ್ಟ್ರಿಪ್ ತಂದು ಅದನ್ನೇ ಗುಂಡಣ್ಣನಿಗೆ ಬಳಸತೊಡಗಿದೆ. ಅತ್ತೆಗೆ ಮಾತ್ರ ಆ ಮೀಟರು ಕಂಡರೆ ಆಗುವುದಿಲ್ಲ. ನಾನು ಎಷ್ಟು ಸಲ ಬೇಡಿಕೊಂಡರೂ ಅವರು ಒಮ್ಮೆಯೂ ಅದಕ್ಕೆ ತಮ್ಮ ಬೆರಳು ಕೊಟ್ಟವರಲ್ಲ.

ಡಾಕ್ಟರು ಅನ್ನ, ಹಾಲು, ಬಿಸ್ಕತ್ತು ಎಲ್ಲ ನಿಲ್ಲಿಸಿ, ಬೇಯಿಸಿದ ಕೋಳಿಮಾಂಸ ಕೊಡಿ ಎಂದಿದ್ದರು. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಅಡುಗೆಮನೆ. ಕೊನೆಗೆ ಪಕ್ಕದ ಮನೆಯ ಸೆಲ್ವಿ, "ನಾನ್ ಬೇಸಿಕೊಡ್ತೀನಿ ಅಕ್ಕಾ, ಇದಕ್ಕೆಲ್ಲಾ ಏನು ಯೋಚನೆ" ಎಂದಳು. ದಿನವೂ ಅವಳ ಡಬ್ಬಿ ಕಾಂಪೌಂಡಿನ ಮೇಲಿಂದ ಬರುತ್ತದೆ, ಹಿತ್ತಲಿನ ಕಲ್ಲಿನ ಮೇಲೆ ಖಾಲಿಯಾಗುತ್ತದೆ, ಹಾಗೇ ವಾಪಸು ಹೋಗುತ್ತದೆ. ಅತ್ತೆ ಆ ಹೊತ್ತಿನಲ್ಲಿ ಮುಖ ಆ ಕಡೆ ಮಾಡಿ ನಿಂತಿರುತ್ತಾರೆ, ಆದರೆ ಗುಂಡಣ್ಣ ತಿಂದನೋ ಇಲ್ಲವೋ ಎಂದು ಕೇಳದೆ ಒಳಗೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಸಕ್ಕರೆ ಇಳಿಯಲಿಲ್ಲ. ಒಂದು ಯೂನಿಟ್ ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಹಿಂದಿನ ವಾರಗಳ ಸರಾಸರಿ ಹೇಳುವ ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ಅದೂ ಮೇಲೆಯೇ ಇತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಆಹಾರ ಸರಿಯಾಗಿ, ಔಷಧಿ ಹೆಚ್ಚಾಗಿ, ಉತ್ತರ ಮಾತ್ರ ಅಲ್ಲೇ ನಿಂತರೆ ಎಲ್ಲೋ ಒಂದು ಸಂಖ್ಯೆ ಬಿಟ್ಟುಹೋಗಿದೆ ಎಂದು ತಲೆ ಕೊರೆಯುತ್ತಲೇ ಇತ್ತು. ಡಾಕ್ಟರು, "ಒಂದು ಶನಿವಾರ ಇಡೀ ದಿನ ಇಲ್ಲೇ ಇರಿ. ಮನೆಯಲ್ಲಿ ಎಂದಿನಂತೆ ತಿನ್ನಿಸಿ, ಇಂಜೆಕ್ಷನ್ ಕೊಟ್ಟು ಕರೆತನ್ನಿ. ಎರಡು ಗಂಟೆಗೊಮ್ಮೆ ನೋಡೋಣ" ಎಂದರು. ಅತ್ತೆ ಅದಕ್ಕೆ ಒಪ್ಪಿದರು, ಆದರೆ ಒಂದು ಮಾತು ಸೇರಿಸಿ ಒಪ್ಪಿದರು.

"ಇದೇ ಕೊನೆ ಗಿರಿಜಾ. ಅವತ್ತೂ ಏನೂ ಗೊತ್ತಾಗ್ಲಿಲ್ಲ ಅಂದ್ರೆ ಸೂಜಿ ಬಿಟ್ಬಿಡೋಣ. ನಿಮ್ಮ ಮಾವನೋರನ್ನ ಚುಚ್ಚಿ ಚುಚ್ಚಿ ಕಳಿಸಿದ್ದು ಸಾಕು. ಇವನಾದ್ರೂ ನೆಮ್ಮದಿಯಾಗಿ ಹೋಗ್ಲಿ."

ಸೂಜಿ ಬಿಟ್ಟರೆ ಗುಂಡಣ್ಣ ಉಳಿಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಾಗಾಗಿ ಎರಡನೇ ಶನಿವಾರ ಬೆಳಕು ಹರಿಯುವ ಮೊದಲೇ ಎದ್ದೆವು. ಗುಂಡಣ್ಣ ಸೆಲ್ವಿಯ ಡಬ್ಬಿ ಮುಗಿಸಿದ, ನಾನು ಕತ್ತಿನ ಸಡಿಲ ಚರ್ಮ ಎತ್ತಿ ಮೂರು ಯೂನಿಟ್ ಕೊಟ್ಟೆ. ಇನ್ಸುಲಿನ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಐಸಿಗೆ ನೇರ ತಾಗದಂತೆ ಫ್ಲಾಸ್ಕಿನಲ್ಲಿಟ್ಟೆ. ಅತ್ತೆ ಸ್ನಾನ ಮಾಡಿದ್ದರು, ಆದರೆ ಅವರ ಲಿಂಗಪೂಜೆ ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದಲ್ಲ. "ಅಲ್ಲೇ ಎಲ್ಲಾದ್ರೂ ಕೂತು ಮಾಡ್ಕೊಳ್ತೀನಿ" ಎಂದು ಬಿಲ್ವಪತ್ರೆ, ವಿಭೂತಿ, ತಂಬಿಗೆ, ನೈವೇದ್ಯದ ಹಾಲು, ಸಕ್ಕರೆ ಡಬ್ಬಿ, ಬಾಳೆಹಣ್ಣು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದರು. ಪೂಜೆಯಾಗುವವರೆಗೆ ಅವರು ಏನನ್ನೂ ಬಾಯಿಗೆ ಹಾಕುವುದಿಲ್ಲ.

ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಕಂಡಕ್ಟರ್ ನಮ್ಮಿಬ್ಬರಿಗೂ ಹೆಂಗಸರ ಉಚಿತ ಟಿಕೆಟ್ ಹರಿದು, ಬುಟ್ಟಿಯತ್ತ ಬಗ್ಗಿದ.

"ಒಳಗೇನಮ್ಮ?"

"ಬೆಕ್ಕು."

"ಗಂಡೋ ಹೆಣ್ಣೋ?"

"ಗಂಡು" ಎಂದೆ.

"ಹಾಗಾದ್ರೆ ಫ್ರೀ ಇಲ್ಲ ಮೇಡಂ, ಗಂಡಸ್ರಿಗೆ ಟಿಕೆಟ್ ಉಂಟು."

"ಅವನಿಗೆ ಆಪರೇಷನ್ ಆಗಿದೆ ಕಣಪ್ಪ" ಎಂದರು ಅತ್ತೆ, ತುಂಬ ಗಂಭೀರವಾಗಿ. ಹಿಂದಿನ ಸೀಟಿನವರೂ ನಕ್ಕರು. ಕಂಡಕ್ಟರ್ ನಗುತ್ತಲೇ ಒಂದು ಲಗೇಜ್ ಟಿಕೆಟ್ ಕೊಟ್ಟ. ಗುಂಡಣ್ಣ ಅದೇ ಹೊತ್ತಿಗೆ ಬುಟ್ಟಿಯಲ್ಲಿ ಹಾಸಿದ್ದ ಪೇಪರನ್ನೆಲ್ಲ ಒದ್ದೆ ಮಾಡಿದ. ಸಕ್ಕರೆ ಕಾಯಿಲೆಯವರ ಪ್ರಯಾಣವೇ ಹಾಗೆ. ನಾನು ಇನ್ನೊಂದು ಪೇಪರ್ ತುರುಕಿದೆ.

ಪಕ್ಕದ ಸೀಟಿನಲ್ಲಿ ಹೊಳೆಹೊನ್ನೂರಿನ ಒಬ್ಬ ಹೆಂಗಸು ಕೂತಿದ್ದಳು. ಭದ್ರಾವತಿಯಲ್ಲಿ ಮಗಳ ಮನೆಗೆ ಬಂದವಳು, ಶಿವಮೊಗ್ಗದಲ್ಲಿ ಏನೋ ಕೆಲಸ ಮುಗಿಸಿ ಊರಿಗೆ ಹೋಗುವವಳು. ನಮ್ಮ ಕತೆ ಕೇಳಿ ಕಣ್ಣರಳಿಸಿದಳು.

"ಬೆಕ್ಕಿಗೂ ಶುಗರ್ ಬರುತ್ತಾ? ನಂಗೂ ಇದೆ. ಇದಕ್ಕೆ ಮಾತ್ರೆನಾ, ಸೂಜಿನಾ?"

"ಸೂಜಿ."

"ಅಯ್ಯೋ ಪಾಪ. ನಾನಿನ್ನೂ ಮಾತ್ರೆಯಲ್ಲೇ ಇದೀನಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ನಿಮಗೆ?"

"ನಂಗೇನೂ ಇಲ್ಲ."

"ನೋಡ್ಸಿದೀರಾ?"

ಅತ್ತೆ ಕಿಟಕಿಯ ಹೊರಗೆ ನೋಡತೊಡಗಿದರು. ಮಲವಗೊಪ್ಪ ಬಂದಿತ್ತು. ಸೋಗಾನೆಯ ವಿಮಾನ ನಿಲ್ದಾಣದ ಕಡೆಯಿಂದ ಒಂದು ವಿಮಾನ ಎದ್ದು, ಎಳೆಬಿಸಿಲಿನಲ್ಲಿ ಹೊಳೆಯುತ್ತ ಮೇಲೇರಿತು. ಅದನ್ನು ಕಣ್ಮರೆಯಾಗುವವರೆಗೂ ನೋಡಿದರು.

ಬಸ್ ಸ್ಟ್ಯಾಂಡಿನಿಂದ ಆಟೋದವನು ಅರವತ್ತು ರೂಪಾಯಿ ಕೇಳಿದ, ಬುಟ್ಟಿ ಮೂಸಿ ನೋಡಿ ಎಂಬತ್ತು ಎಂದ. ವಾದ ಮಾಡುವ ಹಾಗಿರಲಿಲ್ಲ, ವಾಸನೆ ನಿಜವಾಗಿಯೂ ಇತ್ತು. ಕ್ಲಿನಿಕ್ಕಿನಲ್ಲಿ ಆಗಲೇ ನಾಲ್ಕೈದು ನಾಯಿಗಳು ತಮ್ಮ ತಮ್ಮ ಯಜಮಾನರನ್ನು ಎಳೆದಾಡಿಸುತ್ತಿದ್ದವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಚುರುಕು, ಕೈ ಮೆತ್ತಗೆ. ಗುಂಡಣ್ಣನ ಕಿವಿಯ ಅಂಚಿಗೆ ಬೆಚ್ಚನೆಯ ಹತ್ತಿ ಒತ್ತಿ, ಚುಚ್ಚಿ, ಒಂದು ಹನಿ ತೆಗೆದರು. ಇನ್ನೂರ ನಲವತ್ತು.

"ಮನೆಯಲ್ಲಿ ಬೇರೆ ಏನಾದ್ರೂ ಕೊಡ್ತೀರಾ ಅಜ್ಜಿ? ಹಾಲು, ಅನ್ನ?"

"ಇಲ್ಲಮ್ಮ. ನೀವು ಬೇಡ ಅಂದ ದಿನದಿಂದ ಒಂದಗುಳು ಅನ್ನ ಹಾಕಿಲ್ಲ. ತಿಂಡಿ ತೀರ್ಥ ಏನೂ ಇಲ್ಲ."

ಇದು ಸತ್ಯ ಎಂದು ನಾನು ಆಣೆ ಮಾಡಿ ಹೇಳಬಲ್ಲವಳಾಗಿದ್ದೆ. ಅನ್ನದ ಪಾತ್ರೆಯ ಮುಂದೆ ಗುಂಡಣ್ಣ ಅಂಗಲಾಚುವಾಗ ಅತ್ತೆ ಕಣ್ಣೊರೆಸಿಕೊಂಡು ಎದ್ದುಹೋದದ್ದನ್ನು ಕಂಡಿದ್ದೇನೆ.

ಹನ್ನೊಂದೂವರೆಗೆ ನೋಡಿದಾಗ ನೂರ ಇಪ್ಪತ್ತು. ನಾನು ಹಿಗ್ಗಿದೆ. ಡಾಕ್ಟರು ಹಿಗ್ಗಲಿಲ್ಲ. "ಹೊಸ ಜಾಗ, ನಾಯಿಗಳ ಸದ್ದು. ಭಯಕ್ಕೆ ಬೆಕ್ಕಿನ ಸಕ್ಕರೆ ಏರಬೇಕಿತ್ತು. ಇದು ಜರ್ರನೆ ಇಳೀತಾ ಇದೆ. ಕಣ್ಣಿಟ್ಟಿರಿ" ಎಂದರು. ಅತ್ತೆ ಚೀಲ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತೇ ಇದ್ದರು. ಈ ಬೊಗಳಾಟದ ನಡುವೆ ಲಿಂಗವನ್ನು ಕೈಗೆ ತೆಗೆದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಅವರ ತುಟಿ ಒಣಗಿತ್ತು. ನೀರಾದರೂ ಕುಡಿಯಿರಿ ಎಂದರೆ ತಲೆಯಾಡಿಸಿದರು.

ಒಂದು ಗಂಟೆಯ ಸುಮಾರಿಗೆ ಗುಂಡಣ್ಣ ಎದ್ದು ನಿಲ್ಲಲು ಹೋಗಿ ಪಕ್ಕಕ್ಕೆ ವಾಲಿದ. ಮತ್ತೆ ಎದ್ದ, ಮತ್ತೆ ವಾಲಿದ. ಕಣ್ಣು ಎಲ್ಲೋ ನೋಡುತ್ತಿತ್ತು, ಮೈ ನಡುಗುತ್ತಿತ್ತು. ನಾನು ಕೂಗಿದೆ. ಡಾಕ್ಟರು ಓಡಿ ಬಂದು ಕಿವಿ ಚುಚ್ಚಿದರು. ನಲವತ್ತೆಂಟು. ಮರುಕ್ಷಣವೇ ಗ್ಲೂಕೋಸ್ ಕಲಸಿದ ನೀರನ್ನು ಬೆರಳಿಗೆ ಹಚ್ಚಿಕೊಂಡು ಅವನ ವಸಡಿಗೆ ಉಜ್ಜತೊಡಗಿದರು. ಇವನು ಈ ಮೇಜಿನ ಮೇಲೇ ಹೋಗಿಬಿಡುತ್ತಾನೆ, ಕೊಟ್ಟ ಸೂಜಿ ನನ್ನದೇ ಕೈಯದು ಎಂದುಕೊಳ್ಳುತ್ತ ಅವನ ಮೈ ಹಿಡಿದುಕೊಂಡೆ.

ನಿಧಾನಕ್ಕೆ ಗುಂಡಣ್ಣನ ನಾಲಗೆ ಹೊರಬಂತು. ಡಾಕ್ಟರ ಬೆರಳನ್ನು ಒಮ್ಮೆ ನೆಕ್ಕಿದ, ಇನ್ನೊಮ್ಮೆ ನೆಕ್ಕಿದ. ತಲೆ ಎತ್ತಿ ನಮ್ಮನ್ನು ಗುರುತು ಹಿಡಿದ. ಅತ್ತೆ ಮೇಜಿನ ಹತ್ತಿರ ಬಂದು ಅವನ ತಲೆ ಸವರಿದರು.

"ನೋಡಿದ್ಯಾ ಮಾರಾಯ್ತಿ, ದಿನಾ ಇಷ್ಟೊತ್ತಿಗೆಲ್ಲ ಹಾಲು ಸಕ್ಕರೆ ಹೊಟ್ಟೆಗೆ ಬಿದ್ದಿರ್ತಿತ್ತು. ಇವತ್ತು ನನ್ನ ಪೂಜೆನೇ ಆಗ್ಲಿಲ್ವಲ್ಲ, ಅದಕ್ಕೇ ಸೋತುಹೋದ."

ಡಾಕ್ಟರ ಕೈ ಅಲ್ಲೇ ನಿಂತಿತು. "ಯಾವ ಹಾಲು ಸಕ್ಕರೆ ಅಜ್ಜಿ?"

"ಪ್ರಸಾದ."

"ಏನೂ ಕೊಡಲ್ಲ ಅಂದ್ರಲ್ಲ?"

"ಏನೂ ಕೊಡಲ್ಲ. ಪ್ರಸಾದ ತಿಂಡಿ ಹೇಗಾಗುತ್ತೆ? ಪೂಜೆ ಮುಗಿಯೋ ತನಕ ಅಲ್ಲಾಡದೆ ಮುಂದೆ ಕೂತಿರ್ತಾನೆ. ಕೂತೋನಿಗೆ ಕೊಡದೆ ನಾನೊಬ್ಬಳೇ ತಗೊಳ್ಳಲಾ? ಎರಡು ಹೊತ್ತೂ ಅರ್ಧ ಅವನಿಗೆ, ಅರ್ಧ ನನಗೆ."

ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ದೇವರಿಗೆ ತೋರಿಸಿದ ಮೇಲೆ ಹಾಲು ಹಾಲಲ್ಲ, ಸಕ್ಕರೆ ಸಕ್ಕರೆಯಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನೆ, ಸಂಜೆಯೂ ರಜೆಯ ದಿನವೂ ಅವರು ಬಾಗಿಲು ಹಾಕಿಕೊಂಡಿರುತ್ತಾರೆ. ನಾನು ಯೂನಿಟ್ ಏರಿಸುತ್ತಲೇ ಹೋದದ್ದು ಆ ಪ್ರಸಾದದ ಬಟ್ಟಲಿನ ಬೆನ್ನು ಹತ್ತಿ. ಇವತ್ತು ಬಟ್ಟಲು ಇರಲಿಲ್ಲ, ಮೂರು ಯೂನಿಟ್ ಮಾತ್ರ ಇತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯಲಿಲ್ಲ.

ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದಾಗ ಅತ್ತೆಯ ಮುಖ ಬಿಳುಚಿತು. "ಹಾಗಾದ್ರೆ ಇವನನ್ನ ನಾನೇ ಕೊಲ್ತಾ ಇದ್ನಾ?"

"ಇಲ್ಲ ಅಜ್ಜಿ. ಔಷಧಿ ಇವನಿಗೆ ಚೆನ್ನಾಗಿ ಹಿಡಿಯುತ್ತೆ ಅಂತ ಇವತ್ತು ಗೊತ್ತಾಯ್ತು. ಅದು ಒಳ್ಳೇ ಸುದ್ದಿ. ಇವತ್ತು ಸಂಜೆ ಇಂಜೆಕ್ಷನ್ ಬೇಡ. ನಾಳೆ ಬೆಳಿಗ್ಗೆ ನೋಡಿ ನನಗೆ ಫೋನ್ ಮಾಡಿ, ಒಂದು ಯೂನಿಟ್‌ನಿಂದ ಮತ್ತೆ ಶುರು ಮಾಡೋಣ. ಸಕ್ಕರೆ ಹತೋಟಿಗೆ ಬಂದ್ರೆ ಕಾಲಿನ ಬಲವೂ ಬರಬಹುದು. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗೋದೂ ಉಂಟು. ಮಾತು ಕೊಡಲ್ಲ, ಆದ್ರೆ ಆಸೆ ಇಟ್ಕೊಳ್ಳಿ."

ಅತ್ತೆ ಚೀಲದಿಂದ ತಂಬಿಗೆ ತೆಗೆದರು. "ಪ್ರಸಾದ ಬೇಡ. ತೀರ್ಥ ಕೊಡಬಹುದಾ?"

"ಬರೀ ನೀರು ತಾನೇ?"

"ಬರೀ ನೀರು."

"ಎಷ್ಟು ಬೇಕಾದ್ರೂ ಕೊಡಿ."

ಡಾಕ್ಟರು ಔಷಧಿ ಇಡುವ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಅತ್ತೆ ಅಲ್ಲಿ ಕೂತು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡಿದರು. ಗುಂಡಣ್ಣ ವಿಭೂತಿಯ ವಾಸನೆಗೇ ಎದ್ದು ಅವರ ಎದುರು ಹೋಗಿ ಕೂತ. ಪೂಜೆ ಮುಗಿದಾಗ ಅವರ ಕೈ ಅಭ್ಯಾಸಬಲದಿಂದ ಹಾಲಿನ ಬಟ್ಟಲಿಗೇ ಹೋಯಿತು. ತಡೆದು, ಬೆರಳನ್ನು ತೀರ್ಥದಲ್ಲಿ ಅದ್ದಿ ಅವನ ಮೂಗಿನ ಮುಂದೆ ಹಿಡಿದರು. ಅವನು ಮೂಸಿದ, ಅವರ ಮುಖ ನೋಡಿದ, ಆಮೇಲೆ ನೆಕ್ಕಿದ. ನನ್ನ ಕಣ್ಣಲ್ಲಿ ನೀರು ಬಂತು, ಬಾಗಿಲಿನಿಂದ ಈಚೆ ಬಂದುಬಿಟ್ಟೆ.

ಪಕ್ಕದ ಹೋಟೆಲಿನಲ್ಲಿ ತಡವಾಗಿ ಊಟ ಮಾಡಿದೆವು. ಚಪಾತಿ, ಬದನೆಕಾಯಿ ಪಲ್ಯ, ಅನ್ನ, ತಿಳಿಸಾರು, ಶಾವಿಗೆ ಪಾಯಸ. ಅತ್ತೆ ಪಾಯಸದ ಬಟ್ಟಲನ್ನು ನನ್ನ ಕಡೆ ಸರಿಸಿದರು. ಸಂಜೆಯ ಪರೀಕ್ಷೆಯಲ್ಲಿ ಇನ್ನೂರ ಹತ್ತು ಬಂತು. ಅಪಾಯ ದಾಟಿತು, ಹೊರಡಿ ಎಂದರು ಡಾಕ್ಟರು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಯಾರೋ ಎದ್ದು ಅತ್ತೆಗೆ ಸೀಟು ಕೊಟ್ಟರು, ಅತ್ತೆ ಬುಟ್ಟಿಯನ್ನು ತಮ್ಮ ತೊಡೆಗೆ ತೆಗೆದುಕೊಂಡರು. ದಾರಿಯುದ್ದಕ್ಕೂ ಬುಟ್ಟಿಯ ಕಿಂಡಿಯಲ್ಲಿ ಅವರ ಒಂದು ಬೆರಳಿತ್ತು. ಮಲವಗೊಪ್ಪ ದಾಟುವಾಗ ಹೊರಗೆ ದೀಪಗಳು ಹತ್ತಿದ್ದವು. ನಾನು ಹಿಂದಿರುಗಿ ಒಮ್ಮೆ ಶಿವಮೊಗ್ಗದ ಕಡೆ ನೋಡಿದೆ. ಬೆಳಿಗ್ಗೆ ಆ ಊರು ನನಗೆ ತೀರ್ಪು ಹೇಳುವ ಜಾಗದಂತೆ ಕಂಡಿತ್ತು.

ಗೇಟಿನಲ್ಲೇ ಸೆಲ್ವಿ ಕಾಯುತ್ತಿದ್ದಳು. "ಏನಾಯ್ತು ಅಕ್ಕಾ?" ಎಂದಳು. "ಬದುಕ್ತಾನೆ" ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ತಾವೇ ಕೈ ಚಾಚಿ ಅವಳ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ನಡೆದರು.

ಮಲಗುವ ಮೊದಲು ಗುಂಡಣ್ಣನ ಸಕ್ಕರೆ ಇನ್ನೊಮ್ಮೆ ನೋಡಿ ಮೀಟರು ಎತ್ತಿಡುತ್ತಿದ್ದೆ. ಅತ್ತೆ ಬಂದು ಎದುರು ಕೂತರು. ಸೆರಗಿನಲ್ಲಿ ಬೆರಳು ಒರೆಸಿಕೊಂಡು ನನ್ನ ಮುಂದೆ ಚಾಚಿದರು.

"ಅರ್ಧ ಅವನು ತಿಂದಿದಾನೆ, ಅರ್ಧ ನಾನು ತಿಂದಿದೀನಿ. ನಂದೂ ನೋಡು."

ಹೊಸ ಸೂಜಿ ಹಾಕಿ ಚುಚ್ಚಿದೆ. ಕಣ್ಣು ಮುಚ್ಚಿಕೊಂಡಿದ್ದರು. ಮೀಟರು ತೋರಿಸಿದ ಸಂಖ್ಯೆ ಸಣ್ಣದೇನೂ ಆಗಿರಲಿಲ್ಲ. ಮುಚ್ಚಿಡದೆ ಹೇಳಿದೆ. ಅವರು ಬೆರಳಿಗೆ ಹತ್ತಿ ಒತ್ತಿ ಹಿಡಿದು, ಕಾಲ ಬಳಿ ಮಲಗಿದ್ದ ಗುಂಡಣ್ಣನನ್ನು ನೋಡಿದರು.

"ಸೋಮವಾರ ನನ್ನನ್ನೂ ಡಾಕ್ಟರ ಹತ್ರ ಕರ್ಕೊಂಡು ಹೋಗು. ನಂಗೆ ಬುಟ್ಟಿನೂ ಬೇಡ, ಟಿಕೆಟ್ಟೂ ಬೇಡ" ಎಂದರು.