ಅವ್ವನ ಸೌತೆಗೆ ನಾನು ಕದ್ದು ಹಾಕಿದ ನೀರು

ಅಕ್ಕಾ, ಆ ಬೇಸಿಗೆಯಲ್ಲಿ ಅವ್ವನ ಸೌತೆ ತಾನಾಗಿ ಬದುಕಲಿಲ್ಲ. ನೀನು ಊಟಕ್ಕೆ ಮನೆಗೆ ಹೋದಾಗ ನಾನು ಕದ್ದು ನೀರು ಹಾಕಿ ಬದುಕಿಸಿದೆ.

ಗಂಡ ತೀರಿದ ಮೇಲೆ ನೀನು ಸಾವಳಗಿಗೆ ಮರಳಿ ಬಂದು, ಕಾಕಾನಿಂದ ಒಂದು ಪಟ್ಟಿ ಹೊಲ ಕೇಳಿ ಪಡೆದೆ. ಯಾರ ಹಂಗೂ ಇಲ್ಲದೆ ಅದರಲ್ಲೇ ಬಾಳಬೇಕೆಂಬುದು ನಿನ್ನ ಹಟ. ಅದಕ್ಕೆ ಮಳೆಗಾಲ, ಚಳಿಗಾಲ, ಬೇಸಿಗೆ — ಮೂರರಲ್ಲೂ ಕೈಬಿಡದ ಸೌತೆ ಬೇಕಿತ್ತು. ಎರಡು ಹೈಬ್ರಿಡ್ ತಳಿ, ಜೊತೆಗೆ ಅವ್ವ ಬಿಟ್ಟುಹೋದ ಜವಾರಿ ಬೀಜ. ಅಕ್ಕಪಕ್ಕ ಸಾಲು ಹಾಕಿ ನೀನು ಎಲ್ಲಕ್ಕೂ ಒಂದೇ ಅಳತೆಯ ನೀರು ಕೊಟ್ಟೆ. ಕಾಕಾ ಬದುವಿನ ಮೇಲೆ ನಿಂತು ನಗುತ್ತಿದ್ದ.

"ಸೌತಿಕಾಯಿಗೂ ಪರೀಕ್ಷಾ ಇಟ್ಟಿಯೇನವಾ? ಪಾಸಾದಾವಂಗ ಹೆಣ್ಣ ಕೊಡಾಕಿ ಏನ?"

"ಪಾಸಾದಾವಂಗ ಹೊಲಾನ ಕೊಡತೇನ್ರಿ ಕಾಕಾ!"

ಮಳೆಗೂ ಚಳಿಗೂ ಅವ್ವನ ಬಳ್ಳಿಯೇ ಮುಂದಿತ್ತು. ಬಿಸಿಲು ಏರಿದಾಗ ಮೊದಲು ಜೋತುಬಿದ್ದದ್ದೂ ಅದೇ. ಅವ್ವನೇ ಸೋಲುತ್ತಿದ್ದಾಳೆ ಅನ್ನಿಸಿ ಕೊಡ ಎತ್ತಿದೆ. ಒಂದೇ ದಿನ ಅಂದುಕೊಂಡಿದ್ದೆ. ಆಮೇಲೆ ದಿನಾ...

ಬುಟ್ಟಿ ತುಂಬಿದಾಗ ನೀನು ನನ್ನ ಬೆನ್ನು ತಟ್ಟಿದೆ. "ನೋಡೋ ತಮ್ಮಾ, ಅವ್ವ ನನ್ನ ಕೈ ಬಿಡಲಿಲ್ಲ." ಆಗಲಾದರೂ ನಾನು — ಇಲ್ಲ, ಬಾಯಿ ತೆರೆಯಲಿಲ್ಲ.

ಮರುವರ್ಷ ಬೇಸಿಗೆಗೆ ಇಡೀ ಪಟ್ಟಿಗೆ ನೀನು ಅದನ್ನೇ ಹಾಕಿದೆ. ಅಷ್ಟು ಬಳ್ಳಿಗೆ ಕದ್ದು ನೀರು ಹೊರುವುದು ನನ್ನಿಂದ ಆಗಲಿಲ್ಲ. ಬಿಸಿಲಿಗೆ ಬಿಟ್ಟದ್ದು ಕಾಯಿ ಕಟ್ಟದ ಬರೀ ಗಂಡು ಹೂವು. ಕಟ್ಟಿದ ನಾಲ್ಕು ಕಾಯಿಯೂ ಸೊಟ್ಟ, ಕಹಿ. ನೀನು ಒಂದನ್ನು ಕಚ್ಚಿ ಉಗುಳಿದೆ. "ನನ್ನ ಕೈಗುಣಾನ ಛಲೋ ಇಲ್ಲ ಬಿಡು." ಕಾಕಾ ಪಟ್ಟಿ ಹಿಂದಕ್ಕೆ ತೆಗೆದುಕೊಂಡ. ನೀನು ಬನಹಟ್ಟಿಯ ಮಗ್ಗಕ್ಕೆ ಕೂಲಿಗೆ ಹೋದೆ. ನಿನ್ನ ಗಂಟನ್ನು ಬಸ್ಸಿಗೆ ಏರಿಸಿದವನು ನಾನೇ.

ನಿನ್ನೆ ಫೋನಿನಲ್ಲಿ ನಿನ್ನ ದನಿ ಎಷ್ಟು ಹಗುರವಾಗಿತ್ತು! ಮಗ್ಗ ಬಿಟ್ಟೆಯಂತೆ, ಚಿಮ್ಮಡದಲ್ಲಿ ಗೇಣಿ ಕೊಟ್ಟು ಲಾವಣಿಗೆ ಹೊಲ ಹಿಡಿದೆಯಂತೆ, ಅವ್ವನ ಬೀಜ ನೆನೆಹಾಕಿದ್ದೀಯಂತೆ. "ಈ ಸಲ ನಾ ಏನೂ ತಪ್ಪ ಮಾಡಂಗಿಲ್ಲೋ." ಹೊರಗೆ ಗಾಳಿ ಆಗಲೇ ಬಿಸಿಯಾಗಿತ್ತು. ನಾನು ಬರೀ ಹೂಂ ಅಂದೆ, ಅಕ್ಕಾ.

ಎದುರು ಬಂದರೆ ನಾಲಿಗೆ ಹೊರಳದೆಂದು ಇದನ್ನು ಬರೆದುಕೊಂಡು ಚಿಮ್ಮಡದ ಬಸ್ಸು ಹತ್ತಿದ್ದೇನೆ. ನೀನು ಇನ್ನೂ ಬಿತ್ತಿರದಿದ್ದರೆ ಮನೆಯಲ್ಲಿ ಇದನ್ನು ಓದಿ ಹೇಳುತ್ತೇನೆ. ಬಿತ್ತಿಬಿಟ್ಟಿದ್ದರೆ, ಆ ಸಾಲಿನಲ್ಲೇ ನಿಂತು ಹೇಳುತ್ತೇನೆ.